ಲೈನ್ ಮನೆಯ ಬಾಕಿ

ಡಬ್ಲಿನ್

ಪ್ರೀತಿಯ ಅಪ್ಪ, ಅಮ್ಮನಿಗೆ ಮಗಳ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ಅಮ್ಮ ಕಳುಹಿಸಿದ ಕಾಚಂಪುಳಿ, ಕರಿಮೆಣಸು ಜೋಪಾನವಾಗಿ ತಲುಪಿದವು. ಆಸ್ಪತ್ರೆಯಲ್ಲಿ ಈ ವಾರ ಹಗಲು ಪಾಳಿ.

ಅಪ್ಪ, ಈ ಪತ್ರ ಮುಖ್ಯವಾಗಿ ನಿಮಗೆ. ಮೊನ್ನೆ ಫೋನಿನಲ್ಲಿ ನಮ್ಮ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಯರವ ಆದಿವಾಸಿ ಕುಟುಂಬದ ಮಾತು ಬಂದಾಗ, "ಎಷ್ಟು ಕೊಟ್ಟರೂ ಕುಡಿದು ಹಾಳು ಮಾಡುತ್ತಾರೆ, ಬಡವರು ಯಾವಾಗಲೂ ಇದ್ದೇ ಇರುತ್ತಾರೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ" ಎಂದಿರಿ. ಎದುರು ಮಾತನಾಡುತ್ತಿದ್ದಾಳೆ ಎಂದುಕೊಳ್ಳದೆ ಪೂರ್ತಿ ಓದಿ.

ಕುಡಿತ ಇಲ್ಲವೆಂದು ನಾನು ಹೇಳುವುದಿಲ್ಲ. ಅದರ ಪೆಟ್ಟು ಆ ಮನೆಯ ಹೆಂಗಸಿನ ಮೈಮೇಲೆಯೇ ಕಾಣುತ್ತದೆ. ಆದರೆ ಅವರ ಬಡತನ ಬಾಟಲಿಯಿಂದ ಶುರುವಾದದ್ದಲ್ಲ. ನಿಮ್ಮ ಮೇಜಿನ ಖಾನೆಯಲ್ಲಿರುವ ಲೆಕ್ಕದ ಪುಸ್ತಕ ತೆರೆದು ನೋಡಿ. ಒಂಟಿ ಬಿದಿರಿನ ಏಣಿಯಿಂದ ಮೆಣಸು ಕುಯ್ಯುವಾಗ ಆ ಮನೆಯ ಗಂಡಸು ಬಿದ್ದು ಸೊಂಟ ಮುರಿದುಕೊಂಡ ವರ್ಷವೇ ಮೊದಲ ದೊಡ್ಡ ಮುಂಗಡ. ಆಮೇಲೆ ಪ್ರತಿ ಮಳೆಗಾಲಕ್ಕೂ ಒಂದೊಂದು ಸಾಲು: ಅಕ್ಕಿಗೆ, ಜ್ವರಕ್ಕೆ, ಟಾರ್ಪಾಲಿಗೆ. ಮಳೆ ಹಿಡಿದರೆ ತೋಟದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಕಾಫಿ ಕುಯ್ಲಿನಲ್ಲಿ ಆ ಮುಂಗಡವನ್ನು ಕೂಲಿಯಿಂದ ಮುರಿದುಕೊಳ್ಳುತ್ತೇವೆ. ತೀರುವ ಮೊದಲೇ ಮತ್ತೆ ಜೂನ್ ಬರುತ್ತದೆ. ಒಂದೆರಡು ಚೀಲ ಹಣ್ಣು ಹೆಚ್ಚು ಕುಯ್ದರೆ ಬಾಕಿ ಇಳಿಯುತ್ತದೆಂದು ಮಗಳನ್ನು ಆಶ್ರಮ ಶಾಲೆಯಿಂದ ಬಿಡಿಸಿ ಕರೆತಂದರು. ಆ ಹುಡುಗಿ ಮರಳಿ ಶಾಲೆಗೆ ಹೋಗಲಿಲ್ಲ. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿದೆ, ನೀವು ಯಾರನ್ನೂ ಕಟ್ಟಿಹಾಕಿಲ್ಲ, ನಿಜ. ಆದರೂ ಬಾಕಿ ತೀರಿಸದೆ ಬೇರೆ ತೋಟಕ್ಕೆ ಹೋಗುವಂತಿಲ್ಲ ಎಂದೇ ಅವರು ನಂಬಿದ್ದಾರೆ.

ನಮ್ಮ ಕ್ರೈಸ್ತ ಹಿರಿಯರು ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬರಿಗೈಯಲ್ಲಿ ಕೊಡಗಿಗೆ ಬಂದಾಗ ಅಲ್ಲಿಯ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ ನೆಲವೂ ಸಿಕ್ಕಿತು. ನಾವು ತಲೆಯೆತ್ತಿದ್ದು ಕಾಲೂರಲು ಜಾಗವಿದ್ದುದರಿಂದ. ನಮಗಿಂತ ಮೊದಲೇ ಅಲ್ಲಿದ್ದ ಯರವರಿಗೆ, ಜೇನು ಕುರುಬರಿಗೆ ಅದು ಸಿಗಲಿಲ್ಲ. ಲೈನ್ ಮನೆಗಳನ್ನು ಬಿಟ್ಟು ಬಂದ ಅನೇಕರು ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರೆ, 2016ರ ಡಿಸೆಂಬರಿನ ಚಳಿಯಲ್ಲಿ ಅವನ್ನೂ ಕೆಡವಿದರು.

ಇಲ್ಲಿ ಲಿಫಿ ನದಿಯ ದಂಡೆಯಲ್ಲಿ ಹಸಿದವರ ಕಂಚಿನ ವಿಗ್ರಹಗಳಿವೆ, ಎಲುಬು ಎದ್ದು ಕಾಣುವಂಥವು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗಲೂ ಈ ದೇಶದ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಗೇಣಿ ಕೊಡಲಾಗದವರನ್ನು ಜಮೀನಿನಿಂದ ಒಕ್ಕಲೆಬ್ಬಿಸುತ್ತಿದ್ದರು. ಐರಿಷರು ಸೋಮಾರಿಗಳು, ಅದಕ್ಕೇ ಈ ಗತಿ ಎಂದು ಇಂಗ್ಲೆಂಡಿನ ದೊಡ್ಡ ಮನುಷ್ಯರು ಹೇಳುತ್ತಿದ್ದರಂತೆ. ಅದನ್ನು ಓದುವಾಗ ನನಗೆ ನಮ್ಮೂರಿನ ಮಾತುಗಳೇ ಕೇಳಿಸಿದವು.

ಇನ್ನು ಯೇಸುಸ್ವಾಮಿಯ ಮಾತು. ಅದರ ಬೇರು ಬೈಬಲಿನ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿದೆ. ದೇಶದಲ್ಲಿ ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಕೈಬಿಚ್ಚಿ ಕೊಡು ಎಂಬುದು ಅಲ್ಲಿಯ ಆಜ್ಞೆ. ಆ ಅಧ್ಯಾಯ ಶುರುವಾಗುವುದೇ ಏಳು ವರ್ಷಕ್ಕೊಮ್ಮೆ ಸಾಲ ಮನ್ನಾ ಮಾಡಬೇಕೆಂಬ ಕಟ್ಟಳೆಯಿಂದ! ದುಡಿದವನನ್ನು ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳುಹಿಸಬೇಡ ಎಂದೂ ಅಲ್ಲಿದೆ. ಕ್ರಿಸ್‌ಮಸ್‌ಗೆ ನಾವು ಕೊಡುವ ಅಕ್ಕಿ, ಸೀರೆ ಒಳ್ಳೆಯದೇ. ಆದರೆ ಬಾಕಿಯನ್ನು ಹಾಗೆಯೇ ಇಟ್ಟುಕೊಂಡು ಸೀರೆ ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ.

ಅದಕ್ಕಾಗಿ ಕೇಳುತ್ತಿದ್ದೇನೆ. ಕಾಫಿಗೆ ಒಳ್ಳೆಯ ಬೆಲೆ ಬಂದಿದೆ. ಅವರ ಮುಂಗಡವನ್ನು ಪೂರ್ತಿ ಬಿಟ್ಟುಬಿಡಿ. ಇಬ್ಬರನ್ನೂ ಕೂರಿಸಿಕೊಂಡು, ಅವರೆದುರಿಗೇ ಪುಸ್ತಕದಲ್ಲಿ ಗೆರೆ ಎಳೆಯಿರಿ. ಹೋಗುವುದಾದರೆ ಹೋಗಲಿ, ಇರುವುದಾದರೆ ಮಳೆಗಾಲದಲ್ಲೂ ವಾರಕ್ಕೆ ಮೂರು ದಿನದ ಕೂಲಿ ಸಿಗಲಿ, ಅದಕ್ಕೆ ನಾನು ತಿಂಗಳು ತಿಂಗಳು ಹಣ ಕಳುಹಿಸುತ್ತೇನೆ. ಆತನ ಕೂಲಿಯ ಒಂದು ಪಾಲನ್ನು ಹೆಂಡತಿಯ ಖಾತೆಗೇ ಹಾಕಬಹುದೇ ಎಂದು ಇಬ್ಬರನ್ನೂ ಕೇಳಿ. ಹುಡುಗಿಯನ್ನು ಮತ್ತೆ ಶಾಲೆಗೆ ಸೇರಿಸುವ ಬಗ್ಗೆ ಅಮ್ಮ ಹೆಡ್‌ಮಾಸ್ಟರ್ ಜೊತೆ ಮಾತನಾಡಲಿ. ಜಾತಿ ಪ್ರಮಾಣಪತ್ರ ಬೇಕೆಂದರೆ ಅಣ್ಣ ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗಲಿ.

ಭಾನುವಾರ ಬಲಿಪೂಜೆ ಮುಗಿದ ಮೇಲೆ ಫೋನ್ ಮಾಡುತ್ತೇನೆ. ನಿಮ್ಮ ಉತ್ತರ ಹೇಳಿ.

ನಿಮ್ಮ ಪ್ರೀತಿಯ ಮಗಳು