ರಾತ್ರಿ ಪಾಳಿಯ ಆ ಸಿಸ್ಟರ್‌ಗೆ

ಅಪ್ಪನ ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಎತ್ತೋಕೆ ಆಗುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸ್ಟರ್ ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ತೀರಾ ಇಳಿದರೂ ಲಕ್ವದ ಹಾಗೇ ಕಾಣಬಹುದಂತೆ. ಆಮೇಲೆ ಅಳುತ್ತಿದ್ದ ಅಮ್ಮನ ಪಕ್ಕ ಕೂತರು.

"ಅಮ್ಮಾ, ಯಜಮಾನ್ರು ಕೊನೇ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?"

ಅಮ್ಮನಿಗೆ ಗಂಟೆ ನೆನಪಿಲ್ಲ.

"ಆಗ ಟೀವಿಯಲ್ಲಿ ಏನು ಬರ್ತಿತ್ತು?"

ಅಮ್ಮ ಧಾರಾವಾಹಿ ಹೆಸರು ಹೇಳಿದರು. ಸಮಯ ಸಿಕ್ಕಿತು, ರಾತ್ರಿ 8.30.

ಡಾಕ್ಟರ್ ನೋಡಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಸಿಸ್ಟರ್ ಚೀಟಿಯ ಮೇಲ್ಗಡೆಯೇ ಆ ಸಮಯ ಬರೆದು, ಕೆಳಗೆ ಗೆರೆ ಎಳೆದಿದ್ದರು. ಆಮೇಲೆ ಬಿಪಿ, ಸಕ್ಕರೆ, ಯಾವ ಕಡೆ ಬಲ ಇಲ್ಲ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿಲ್ಲ ಅಂತ ಒಂದೊಂದು ಸಾಲು. ನನಗೂ ಓದೋಕೆ ಬರುವ ಅಕ್ಷರ! ಆಸ್ಪತ್ರೆ ಚೀಟಿಯಲ್ಲಿ ಅದು ಅಪರೂಪ, ಅಲ್ವಾ?

ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್, ಕೊನೇ ಸಲ ಸರಿಯಾಗಿದ್ದ ಹೊತ್ತಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅಲ್ಲಿನ ಡಾಕ್ಟರ್ ಚೀಟಿ ಓದಿದರು, ಅಪ್ಪನನ್ನು ನೋಡಿದರು, ನೇರ ಸಿಟಿ ಸ್ಕ್ಯಾನ್‌ಗೆ ಕಳಿಸಿದರು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು. ನನಗೆ ಆಗಲೇ ಉಸಿರು ಬಂದಿದ್ದು.

ಸಿಸ್ಟರ್, ಹೆಸರು ಕೇಳೋಕೂ ಪುರುಸೊತ್ತಾಗಲಿಲ್ಲ. ಅಪ್ಪ ಈಗ ಮನೆಯಲ್ಲಿದ್ದಾರೆ. ಸಾರಿಗೆ ಉಪ್ಪು ಸಾಲದು ಅಂತ ದಿನಾ ಜಗಳ. ಡ್ಯೂಟಿ ಇಲ್ಲದ ದಿನ ಊಟಕ್ಕೆ ಬನ್ನಿ, ನಿಮಗೆ ಉಪ್ಪು ಹಾಕಿಯೇ ಬಡಿಸುತ್ತೇವೆ.