ಗಂಟೆಗೊಂದು ಮೈಲಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗಂಟೆಗೊಂದು ಸುತ್ತಿನ ಓಟಕ್ಕೆ ಹೆಸರು ಕೊಟ್ಟಿದ್ದೀಯಂತೆ, ನಿನ್ನಮ್ಮ ಹೇಳಿದಳು. ಪ್ರತಿ ಗಂಟೆಗೂ 6.7 ಕಿಲೋಮೀಟರ್, ಒಬ್ಬನೇ ಉಳಿಯುವವರೆಗೆ. ದಿನಾ ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದೀಯ, ಸಂತೋಷ. ಆದರೆ ಇಂಥ ಪಂದ್ಯದಲ್ಲಿ ಕಾಲಿಗಿಂತ ಮೊದಲು ಕೈಕೊಡುವುದು ನಿದ್ದೆ. ಅದಕ್ಕೇ ಕ್ಯಾಪ್ಟನ್ ಬಾರ್ಕ್ಲೇ ಹಾಕಿದ ಲೆಕ್ಕವನ್ನು ನಿನಗೆ ಬರೆದು ಕಳಿಸುತ್ತಿದ್ದೇನೆ.

ರಾಬರ್ಟ್ ಬಾರ್ಕ್ಲೇ ಅಲರ್ಡೈಸ್ ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಬಳಿಯ ಯೂರಿಯ ಜಮೀನ್ದಾರ. ಹುಟ್ಟಿದ್ದು 1779ರಲ್ಲಿ. ಬ್ರಿಟಿಷ್ ಸೈನ್ಯದ 23ನೇ ಕಾಲಾಳು ರೆಜಿಮೆಂಟಿನಲ್ಲಿ ಅಧಿಕಾರಿಯಾಗಿದ್ದ. ಓಟದಲ್ಲೂ ಕಡಿಮೆಯವನಲ್ಲ. 1804ರಲ್ಲಿ 440 ಗಜವನ್ನು 56 ಸೆಕೆಂಡಿನಲ್ಲಿ ಓಡಿದ್ದ. ಹೆಸರು ಮಾತ್ರ ನಿಂತದ್ದು 1809ರ ಪಣದಿಂದ: ಇಂಗ್ಲೆಂಡಿನ ನ್ಯೂಮಾರ್ಕೆಟ್ ಬಯಲಿನಲ್ಲಿ 1,000 ಗಂಟೆ, ಪ್ರತಿ ಗಂಟೆಯೊಳಗೂ ಒಂದು ಮೈಲಿ, ಗೆದ್ದರೆ 1,000 ಗಿನಿ, ಅಂದರೆ ಆಗಿನ ಬ್ರಿಟಿಷ್ ಚಿನ್ನದ ನಾಣ್ಯ. ಜೂನ್ 1ರ ನಡುರಾತ್ರಿ ಹೊರಟವನು ಜುಲೈ 12ರ ಮಧ್ಯಾಹ್ನ 3 ಗಂಟೆ 37 ನಿಮಿಷಕ್ಕೆ ಕೊನೆಯ ಮೈಲಿ ಮುಗಿಸಿದ.

ದಿನಕ್ಕೆ 24 ಮೈಲಿ ಅವನಿಗೆ ಏನೇನೂ ಅಲ್ಲ. ಕಷ್ಟವೆಲ್ಲ ಗಂಟೆಗೊಮ್ಮೆ ಏಳುವುದರಲ್ಲಿತ್ತು. ಅದಕ್ಕೆ ಅವನು ಕಂಡುಕೊಂಡ ದಾರಿ ಹೀಗೆ: ಒಂದು ಗಂಟೆ ಮುಗಿಯುವ ಹೊತ್ತಿಗೆ ಆ ಗಂಟೆಯ ಮೈಲಿ, ಮುಂದಿನ ಗಂಟೆ ಹಿಡಿದ ಕೂಡಲೇ ಅದರ ಮೈಲಿ. ಎರಡನ್ನೂ ಹೀಗೆ ಜೋಡಿಸಿಕೊಂಡರೆ ಒಂದು ಜೋಡಿಗೂ ಮುಂದಿನ ಜೋಡಿಗೂ ಮಧ್ಯೆ ಒಂದೂವರೆ ಗಂಟೆ ಬಿಡುವು. ಮೊದಲ ವಾರ ಒಂದು ಮೈಲಿಗೆ ಸರಾಸರಿ 14 ನಿಮಿಷ 54 ಸೆಕೆಂಡು ಹಿಡಿಯುತ್ತಿತ್ತು. ಕೊನೆಯ ವಾರ ಅದು 21 ನಿಮಿಷ ದಾಟಿತು. ಅಂದರೆ 90 ನಿಮಿಷದ ಬಿಡುವು 78ಕ್ಕೆ ಇಳಿಯಿತು. ನಡಿಗೆ ನಿಧಾನವಾದಂತೆ ನಿದ್ದೆ ಕಡಿಮೆ, ನಿದ್ದೆ ಕಡಿಮೆಯಾದಂತೆ ನಡಿಗೆ ಇನ್ನೂ ನಿಧಾನ. ಹಾಸಿಗೆಯಿಂದ ಅವನನ್ನು ಸೇವಕ ಎತ್ತಿ ನಿಲ್ಲಿಸಬೇಕಾಗುತ್ತಿತ್ತು. ಮಲಗಿ ಎದ್ದ ಕಾಲು ಮರಗಟ್ಟಿರುತ್ತದೆ, ಹತ್ತು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಆ ಹತ್ತು ಹೆಜ್ಜೆಯ ನೋವಿಗೆ ಹೆದರಿ ಪಂದ್ಯ ಬಿಡಬೇಡ.

ನಿನ್ನ ಪಂದ್ಯದಲ್ಲಿ ಈ ಜೋಡಿಸುವ ಉಪಾಯ ನಡೆಯದು, ಪ್ರತಿ ಸುತ್ತೂ ಗಂಟೆ ಹೊಡೆದಾಗಲೇ ಶುರು. ನಿನ್ನ ಬಿಡುವು ನಿನ್ನ ವೇಗದಲ್ಲೇ ಅಡಗಿದೆ. 50 ನಿಮಿಷದಲ್ಲಿ ಸುತ್ತು ಮುಗಿಸಿದರೆ 10 ನಿಮಿಷ, 45ರಲ್ಲಿ ಮುಗಿಸಿದರೆ 15. ಆ ಹೆಚ್ಚಿನ ಐದು ನಿಮಿಷದ ಆಸೆಗೆ ಮೊದಲ ಸುತ್ತುಗಳಲ್ಲೇ ಓಡಿ ದಣಿಯಬೇಡ. ಏರಿನಲ್ಲಿ ಮೊದಲಿನಿಂದಲೂ ನಡೆ. ಬಂದ ಕೂಡಲೇ ತಿನ್ನು, ಆಮೇಲೆ ಕಾಲ್ಚೀಲ ನೋಡಿಕೋ, ಉಳಿದದ್ದಕ್ಕೆ ಕಾಲೆತ್ತಿ ಕಣ್ಣುಮುಚ್ಚು. ಎಬ್ಬಿಸಲು ಒಬ್ಬರು ಇರಲೇಬೇಕು. ಫೋನಿನ ಅಲಾರಂ ನಂಬಬೇಡ, ಎರಡನೇ ರಾತ್ರಿ ಅದನ್ನು ಆರಿಸಿದ್ದೇ ನೆನಪಿರುವುದಿಲ್ಲ.

ಅವನ ಊಟ ನಿನಗೆ ಬೇಡ. ದಿನಕ್ಕೆ ಐದಾರು ಪೌಂಡು ಮಾಂಸ, ಅಂದರೆ ಎರಡೂವರೆ ಕಿಲೋ ಆಸುಪಾಸು, ಜೊತೆಗೆ ಏಲ್, ಪೋರ್ಟರ್ ಎಂಬ ಬಿಯರುಗಳು, ವೈನು. ಅಷ್ಟು ತಿಂದೂ 13 ಸ್ಟೋನ್ 4 ಪೌಂಡು ಇದ್ದವನು 11 ಸ್ಟೋನಿಗೆ ಇಳಿದ, 14 ಕಿಲೋಗೂ ಹೆಚ್ಚು ಕರಗಿತು. ಅವನ ತಯಾರಿಯ ಪದ್ಧತಿಯಂತೂ ಇನ್ನೂ ಕಠೋರ: ಮೊದಲು ಭೇದಿಗೆ ಗ್ಲಾಬರ್ ಉಪ್ಪು, ಆಮೇಲೆ ಉಣ್ಣೆಬಟ್ಟೆ ತೊಟ್ಟು ನಾಲ್ಕು ಮೈಲಿ ಓಟ, ಬಂದ ಮೇಲೆ ಕೊತ್ತಂಬರಿ ಬೀಜ, ಜ್ಯೇಷ್ಠಮಧು ಹಾಕಿ ಕಾಯಿಸಿದ ಬಿಸಿ ಸೈಡರ್ (ಸೇಬಿನ ಮದ್ಯ) ಕುಡಿದು ಅರ್ಧ ಗಂಟೆ ಕಂಬಳಿಯೊಳಗೆ ಬೆವರುವುದು. ತರಕಾರಿ, ಹಾಲು, ಬೆಣ್ಣೆ ನಿಷಿದ್ಧ. ನೀರೂ ಅಳತೆಯಲ್ಲೇ. ನಮ್ಮ ಬಿಸಿಲಿನಲ್ಲಿ ಇದನ್ನು ಅನುಸರಿಸಿದರೆ ಆಸ್ಪತ್ರೆ ಸೇರುತ್ತೀಯ. ಬಾಯಾರಿದಾಗ ಕುಡಿ. ಬರೀ ನೀರನ್ನೇ ಬಲವಂತವಾಗಿ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಕುಸಿದು ತಲೆಸುತ್ತು, ವಾಂತಿ ಬರುತ್ತದೆ. ಉಪ್ಪು ಹಾಕಿದ ಗಂಜಿ, ಮೊಸರನ್ನ, ಬೇಯಿಸಿದ ಆಲೂಗಡ್ಡೆ ಇಟ್ಟುಕೋ.

ಹೊಸದನ್ನು ಮಾತ್ರ ಪಂದ್ಯದ ದಿನ ಬಾಯಿಗೆ ಹಾಕಬೇಡ. ಬಾರ್ಕ್ಲೇ ಸೋತದ್ದೂ ಹೊಟ್ಟೆಯಿಂದಲೇ. 1801ರಲ್ಲಿ 21 ಗಂಟೆ 30 ನಿಮಿಷದಲ್ಲಿ 90 ಮೈಲಿ ಎಂಬ ಪಣಕ್ಕೆ 2,000 ಗಿನಿ ಒಡ್ಡಿ 13 ಗಂಟೆಯಲ್ಲಿ 67 ಮೈಲಿ ಮುಗಿಸಿದ್ದ. ಗೆಲುವು ಕಣ್ಣೆದುರಿಗಿತ್ತು. ಸ್ವಲ್ಪ ಬ್ರಾಂದಿ ಕುಡಿದ, ಹೊಟ್ಟೆ ಕೆಟ್ಟಿತು, ಪಂದ್ಯ ಬಿಟ್ಟ. ಅದೇ ನವೆಂಬರಿನಲ್ಲಿ ಪಣವನ್ನು 5,000 ಗಿನಿಗೆ ಏರಿಸಿ ಯಾರ್ಕ್–ಹಲ್ ರಸ್ತೆಯಲ್ಲಿ ಅಷ್ಟೇ ದೂರವನ್ನು 20 ಗಂಟೆ 22 ನಿಮಿಷ 4 ಸೆಕೆಂಡಿನಲ್ಲಿ ನಡೆದ. ಆ ಸಲ ಜ್ಯಾಕಿ ಸ್ಮಿತ್ ಎಂಬ ಅನುಭವಿ ಅವನ ತಯಾರಿ ನೋಡಿಕೊಂಡಿದ್ದ. ಪಣ ಕಟ್ಟುವ ಚಟ ನನಗೆ ಮೆಚ್ಚುಗೆಯಿಲ್ಲ, ಸೋತ ಕಾರಣ ಹುಡುಕಿ ತಿದ್ದಿಕೊಂಡದ್ದು ತುಂಬ ಮೆಚ್ಚುಗೆ.

ಅವನ ನಡಿಗೆಯನ್ನು ನಿನ್ನ ಏರಿಗೆ ಹಾಗೇ ತೆಗೆದುಕೊಳ್ಳಬಹುದು: ಮೈ ಕೊಂಚ ಮುಂದಕ್ಕೆ ಬಾಗಿ ಭಾರ ಮಂಡಿಯ ಮೇಲೆ, ಹೆಜ್ಜೆ ಗಿಡ್ಡ, ಪಾದ ನೆಲದಿಂದ ಕೆಲವೇ ಅಂಗುಲ ಮೇಲೆ. ಪಾದ ಎತ್ತರಕ್ಕೆ ಎತ್ತಿದಷ್ಟೂ ತೊಡೆ ಬೇಗ ಸೋಲುತ್ತದೆ.

ಮುಗಿದ ಮೇಲೇನು ಎಂಬುದನ್ನೂ ಈಗಲೇ ಯೋಚಿಸು. ಆತ ಒಂದು ವಾರವೂ ಕಳೆಯದೆ ಸೈನ್ಯದ ಜೊತೆ ನೆದರ್‌ಲೆಂಡ್ಸಿನ ವಾಲ್ಕರನ್ ದ್ವೀಪದ ದಂಡಯಾತ್ರೆಗೆ ಹೊರಟ. ಅಲ್ಲಿ ಸತ್ತ ಸುಮಾರು 4,000 ಸೈನಿಕರಲ್ಲಿ ಕಾಳಗದಲ್ಲಿ ಬಿದ್ದವರು 106 ಮಂದಿ, ಮಿಕ್ಕವರನ್ನು ಕೊಂದದ್ದು ಜೌಗು ನೆಲದ ಜ್ವರ. ಅವನು ಬದುಕಿ ಬಂದ, 1854ರವರೆಗೂ ಇದ್ದ. ನೀನು ಮಾತ್ರ ಎರಡು ವಾರ ಓಡಬೇಡ. ನಿದ್ದೆಗೆಟ್ಟ ಕಣ್ಣಲ್ಲಿ ಬೈಕು ಹತ್ತಲೇಬೇಡ, ಕರೆತರಲು ನಿನ್ನಪ್ಪನಿಗೆ ಹೇಳಿದ್ದೇನೆ.

ಇನ್ನು ಬೂಟು. ಬಾರ್ಕ್ಲೇ ದಪ್ಪ ಅಟ್ಟೆಯ, ಎಲ್ಲೂ ಉಜ್ಜದಷ್ಟು ದೊಡ್ಡ ಬೂಟು ಹಾಕುತ್ತಿದ್ದ. ಕುರಿಮರಿ ಉಣ್ಣೆಯ ಕಾಲ್ಚೀಲವನ್ನು ದೂರದ ನಡಿಗೆಯಲ್ಲಿ ಆಗಾಗ ಬದಲಿಸಬೇಕೆಂಬುದು ಅವನ ರೂಢಿ. ಹೊತ್ತು ಕಳೆದಂತೆ ಪಾದ ಊದುತ್ತದೆ, ಬೆಳಗ್ಗೆ ಸರಿಹೊಂದಿದ ಬೂಟು ನಡುರಾತ್ರಿ ಉಗುರು ಕಪ್ಪಾಗಿಸುತ್ತದೆ. ಅರ್ಧ ಅಳತೆ ದೊಡ್ಡದನ್ನು ಸಂಜೆ ಹೊತ್ತು ಹೋಗಿ ಕೊಂಡುಕೋ. ಈ ತಿಂಗಳೆಲ್ಲ ಅದರಲ್ಲೇ ಓಡು. ಕಾಲ್ಚೀಲ ಎಂಟು ಜೊತೆಯಾದರೂ ಇರಲಿ. ದುಡ್ಡು ಕಡಿಮೆ ಬಿದ್ದರೆ ನನಗೆ ಹೇಳು.

ಇಂತಿ,
ನಿನ್ನ ದೊಡ್ಡಪ್ಪ