ಮಗಳಿಗೊಂದು ಪತ್ರ: ಫಾರಂ ಹಿಡಿದು ಹೋಗುವ ಮುಂಚೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಇನ್ನರ್ಧ ಕುಕ್ಕರ್ ಕೂಗಿದ್ದರಲ್ಲಿ ಹೋಯಿತು. ಸಮಾಜಶಾಸ್ತ್ರದ ಮೇಷ್ಟ್ರು ಅಸಮಾನತೆ ಬಗ್ಗೆ ವರದಿ ಕೇಳಿದ್ದಾರೆ, ಮೂವತ್ತು ಮನೆ ತಿರುಗಿ ಫಾರಂ ತುಂಬಬೇಕು, ಅದಾದ ಮೇಲೆ ಏಳು ದಿನ ಎನ್ನೆಸ್ಸೆಸ್, ಅದೇ ರಾಷ್ಟ್ರೀಯ ಸೇವಾ ಯೋಜನೆಯ ಕ್ಯಾಂಪು. ಗಾರ್ಮೆಂಟ್ಸ್ ಹೆಂಗಸರನ್ನೇ ಮಾತಾಡಿಸುತ್ತೇನೆ ಅಂದೆ. ನನಗೆ ನಗು ಬಂತು ಕಣೆ. ಆ ಫಾರಂನ ಆಚೆ ಕಡೆ ನಾನು ಒಂದು ಸಲ ಕೂತಿದ್ದೆ, ನಿನಗೆ ನೆನಪಿರಲಿಕ್ಕಿಲ್ಲ.

2015. ಬೆಂಗಳೂರಿನ ಬೊಮ್ಮನಹಳ್ಳಿಯ ವಠಾರದಲ್ಲಿದ್ದೆವು, ನೀನು ಎರಡನೇ ಕ್ಲಾಸು. ಭಾನುವಾರ ಬೆಳಿಗ್ಗೆ ವಾರದ ಬಟ್ಟೆಯೆಲ್ಲ ನೆನೆಹಾಕಿದ್ದೆ, ನಲ್ಲಿಯಲ್ಲಿ ನೀರು ಬರುವುದು ಒಂದೇ ಗಂಟೆ. ಅಷ್ಟೊತ್ತಿಗೆ ನಾಲ್ಕು ಜನ ಕಾಲೇಜು ಮಕ್ಕಳು ಬಂದರು. ಒಳ್ಳೆಯ ಮಕ್ಕಳೇ, ಆಂಟಿ ಆಂಟಿ ಅಂತ ಮಾತಾಡಿಸಿದರು. ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ, ಕಕ್ಕಸು ಇದೆಯಾ, ಹೀಗೇ ಹೋಗಿ ಹೋಗಿ ಒಂದು ಪ್ರಶ್ನೆ ಬಂತು: ಕೆಲಸದ ಜಾಗದಲ್ಲಿ ನಿಮಗೆ ಬೈಗುಳ, ಕಿರುಕುಳ ಇದೆಯಾ? ಹಿಂದಿನ ದಿನ ತಾನೇ ಟಾರ್ಗೆಟ್‌ಗೆ ಹನ್ನೆರಡು ಕಾಲರ್ ಕಮ್ಮಿ ಬಿತ್ತು ಅಂತ ಸೂಪರ್‌ವೈಸರ್ ಪೀಸುಗಳನ್ನು ನನ್ನ ಮುಖಕ್ಕೆ ಎಸೆದಿದ್ದ. ಆದರೆ ಪಕ್ಕದಲ್ಲೇ ಮನೆ ಓನರ್ ಹೆಂಡತಿ ಕೈಕಟ್ಟಿ ನಿಂತಿದ್ದರು, ಆ ಸೂಪರ್‌ವೈಸರ್ ಅವರ ಸ್ವಂತ ತಮ್ಮ. "ಇಲ್ಲಪ್ಪ, ಹಂಗೇನಿಲ್ಲ" ಅಂದೆ. ಆ ಹುಡುಗ 'ಇಲ್ಲ' ಅನ್ನುವ ಕಡೆ ಟಿಕ್ ಹಾಕಿಕೊಂಡ. ನಿಮ್ಮ ಹಕ್ಕುಗಳ ಬಗ್ಗೆ ಅರಿವಿದೆಯೇ ಅಂತಲೂ ಇತ್ತು. ನೀರು ನಿಂತುಹೋಗುವ ಹೊತ್ತು, ಅದಕ್ಕೂ ಇಲ್ಲ ಅಂದುಬಿಟ್ಟೆ. ಒಂದು ಬಿಸ್ಕೆಟ್ ಪ್ಯಾಕೆಟ್ ಕೊಟ್ಟು, ಫೋಟೋ ತೆಗೆದುಕೊಂಡು ಹೋದರು. ಬಿಸ್ಕೆಟ್ ನೀನೇ ತಿಂದೆ.

ಮಾರನೇ ವರ್ಷ ಏಪ್ರಿಲ್‌ನಲ್ಲಿ, ಅರಿವಿಲ್ಲ ಅಂತ ಬರೆಸಿಕೊಂಡ ಇದೇ ಹೆಂಗಸರು ಹೊಸೂರು ರಸ್ತೆ ನಿಲ್ಲಿಸಿದರು. ಪಿಎಫ್‌ನಲ್ಲಿ ಕಂಪನಿ ಹಾಕುವ ಪಾಲನ್ನು ಐವತ್ತೆಂಟು ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ಮಾಡಿತ್ತು. ನಮ್ಮ ಲೈನಿನಲ್ಲಿ ಐವತ್ತೆಂಟರವರೆಗೆ ಮಿಷನ್ ತುಳಿದವರನ್ನು ನಾನು ಒಬ್ಬರನ್ನೂ ನೋಡಿಲ್ಲ, ನಲವತ್ತಕ್ಕೇ ಕಣ್ಣು, ಸೊಂಟ ಎರಡೂ ಹೋಗಿರುತ್ತವೆ. ಕೆಲಸ ಬಿಟ್ಟಾಗ ಕೈಗೆ ಬರುವ ಆ ದುಡ್ಡೇ ನಮಗೆ ಮಕ್ಕಳ ಫೀಸು, ಅಡವಿಟ್ಟ ಸರ, ತಂಗಿಯ ಬಾಣಂತನ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಸುದ್ದಿ ಹೋಯಿತು, ಸಾವಿರಾರು ಹೆಂಗಸರು ಟಿಫನ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ರಸ್ತೆಯಲ್ಲಿ ಕೂತರು. ಎರಡನೇ ದಿನ ಬಸ್ಸಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅಷ್ಟೊತ್ತಿಗೆ ನಾನು ಹೆದರಿ ಮನೆ ಸೇರಿದ್ದೆ, ಸುಳ್ಳು ಯಾಕೆ ಹೇಳಲಿ. ಏಪ್ರಿಲ್ 19ರ ಸಂಜೆ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆ ಮಕ್ಕಳ ವರದಿಯಲ್ಲಿ ನಾವು ಈಗಲೂ ಅರಿವಿಲ್ಲದವರಾಗಿಯೇ ಇದ್ದೇವೋ ಏನೋ!

ಮೊನ್ನೆ ನೀನೇ ಸಮಾಜಶಾಸ್ತ್ರದ ವಿದ್ವಾಂಸರು ಎಂ.ಎನ್. ಶ್ರೀನಿವಾಸರ ಕಥೆ ಹೇಳಿದೆಯಲ್ಲ. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಗೆ ಹೋಗಿ ಇದ್ದು ನೋಡಿದ್ದು, ವರ್ಷಗಟ್ಟಲೆ ಕೂತು ಸಿದ್ಧ ಮಾಡಿಕೊಂಡ ಟಿಪ್ಪಣಿ 1970ರಲ್ಲಿ ಅಮೆರಿಕದಲ್ಲಿ ಸುಟ್ಟುಹೋಗಿದ್ದು, ಕೊನೆಗೆ ನೆನಪಿನಿಂದಲೇ ಊರನ್ನು ಬರೆದಿದ್ದು. ನೀನು ಬೆಂಕಿಯ ವಿಷಯ ಕಣ್ಣರಳಿಸಿಕೊಂಡು ಹೇಳುತ್ತಿದ್ದೆ, ನನಗೆ ಮಾತ್ರ ಅವರು ಇಳಿದುಕೊಂಡ ಜಾಗ ತಲೆಯಲ್ಲಿ ಉಳಿಯಿತು. ಊರಿನ ಮುಖ್ಯಸ್ಥರ ಎತ್ತಿನ ಮನೆ ಅಲ್ವಾ? ಅಲ್ಲಿ ಕೂತವರ ಹತ್ತಿರ ಹೊಲಗೇರಿಯವರು ಬಂದು ಎಷ್ಟು ಬಾಯಿ ಬಿಟ್ಟಾರು? ಅಷ್ಟು ದೊಡ್ಡ ವಿದ್ವಾಂಸರಿಗೂ ಆ ತೊಡಕು ಇತ್ತು, ಅದನ್ನು ಅವರೇ ಒಪ್ಪಿಕೊಂಡಿದ್ದರು ಅಂತಲೂ ನೀನೇ ಹೇಳಿದೆ.

ಹಾಗೆ ನೋಡಿದರೆ ನಮ್ಮ ಮನೆಯೂ ಅಂಥದ್ದೇ. ಇದನ್ನು ನಿನಗೆ ಇವತ್ತಿನವರೆಗೆ ಹೇಳಿಲ್ಲ. ನಾವು ಬಡವರು ನಿಜ, ನಿಮ್ಮಪ್ಪನ ಪಾಲಿಗೆ ಬಂದಿದ್ದು ಇಪ್ಪತ್ತು ಗುಂಟೆ. ಆದರೆ ಒಕ್ಕಲಿಗರ ಬೀದಿಯ ಬಡವರು. ನಿಮ್ಮಜ್ಜಿ ಹಿತ್ತಿಲ ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇಟ್ಟಿದ್ದರು, ಕಳೆ ಕೀಳಲು ಬರುತ್ತಿದ್ದ ಆಯಮ್ಮನಿಗೆ ಅಂತ. ಆಯಮ್ಮನ ಮಗಳು ಬೊಮ್ಮನಹಳ್ಳಿಯಲ್ಲಿ ನನ್ನ ಪಕ್ಕದ ಮಿಷನ್ನು. ಐದು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ, ಅವಳ ಉಪ್ಸಾರು ನನ್ನದಕ್ಕಿಂತ ರುಚಿ. ಮಾರಿಹಬ್ಬಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ನನ್ನ ಬ್ಯಾಗು ಹೊತ್ತು ನಮ್ಮ ಮನೆಯವರೆಗೂ ಬಂದವಳು ಜಗಲಿಯ ಹತ್ತಿರ ತಾನಾಗಿಯೇ ನಿಂತಳು. ನಾನು ಬಾ ಅನ್ನಲಿಲ್ಲ. ಅತ್ತೆ ಇದ್ದರು, ಬಾಯಿ ಬರಲಿಲ್ಲ. ಸಂಬಳದ ಚೀಟಿ ನಮ್ಮಿಬ್ಬರದೂ ಒಂದೇ ಥರ ಇತ್ತು. ನಿನ್ನ ಫಾರಂನಲ್ಲಿ ತಿಂಗಳ ಆದಾಯ ಅಂತ ಒಂದು ಗೆರೆ ಇರುತ್ತಲ್ಲ, ಅಲ್ಲಿ ನಾವಿಬ್ಬರೂ ಸಮ.

ಕ್ಯಾಂಪಿನ ವಿಷಯ. ಎನ್ನೆಸ್ಸೆಸ್ ಬೇಡ ಅನ್ನುವುದಿಲ್ಲ. ಗಾಂಧಿ ಹುಟ್ಟಿ ನೂರು ವರ್ಷವಾದ 1969ರಲ್ಲಿ ಶುರುವಾಗಿದ್ದು, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಮಾಡು. ಆದರೆ ಊರಿಗೆ ಹೋದ ತಕ್ಷಣ ಚರಂಡಿ ಬಳಿದು, ಗುದ್ದಲಿ ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದನ್ನು ನೋಡಿದರೆ ನನಗೆ ಹೇಗೋ ಆಗುತ್ತದೆ. ಆ ಚರಂಡಿಯನ್ನು ದಿನಾ ಬಳಿಯುವವನು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ. ಅವನಿಗೆ ಗ್ಲೌಸ್ ಇದೆಯಾ, ಪಂಚಾಯ್ತಿಯವರು ಸಂಬಳ ತಿಂಗಳಿಗೆ ಸರಿಯಾಗಿ ಕೊಡುತ್ತಾರಾ, ಅವನ ಅಪ್ಪನೂ ಇದನ್ನೇ ಮಾಡುತ್ತಿದ್ದನಾ, ಕೇಳು. ನಾಲ್ಕು ಜನರ ಮುಂದೆ ಕೇಳಬೇಡ. ಇನ್ನೊಂದು, ನಿಮ್ಮನ್ನು ಉಳಿಸುವ ಶಾಲೆಯೋ ಸಮುದಾಯ ಭವನವೋ ಯಾವ ಬೀದಿಯಲ್ಲಿದೆ, ಅಡುಗೆಗೆ ಯಾರನ್ನು ಕರೆಸಿದ್ದಾರೆ, ಯಾರನ್ನು ಕರೆಸಿಲ್ಲ, ಅದನ್ನೂ ಸುಮ್ನೆ ಗಮನಿಸು.

ಸೇವೆ ಮಾಡಲೇಬೇಕು ಅಂತ ಅಷ್ಟು ತವಕ ಇದ್ದರೆ ಇಲ್ಲೊಂದು ಕೆಲಸ ಇದೆ. ನನ್ನ ಆ ಗೆಳತಿಯೂ ಈಗ ಊರಲ್ಲೇ ಇದ್ದಾಳೆ. ಕೆಲಸ ಬಿಟ್ಟು ಮೂರು ವರ್ಷ ಆಯಿತು, ಪಿಎಫ್ ಬಂದಿಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಪಿಎಫ್‌ನಲ್ಲಿ ಮುಂದೆ, ಹುಟ್ಟಿದ ತಾರೀಖೂ ಬೇರೆ, ಲಿಂಕ್ ಆಗಿರುವ ಮೊಬೈಲ್ ನಂಬರು ಯಾವತ್ತೋ ಬಂದ್ ಆಗಿದೆ. ಎರಡು ಸಲ ಅರ್ಜಿ ತಿರಸ್ಕಾರ ಆಯಿತು, ಸೈಬರ್ ಸೆಂಟರ್‌ನವನು ಎರಡು ಸಲವೂ ದುಡ್ಡು ಇಸ್ಕೊಂಡ. ನೀನು ಇಡೀ ದಿನ ಫೋನಿನ ಮೇಲೆ ಬೆರಳಾಡಿಸುವವಳು, ಒಂದಿನ ಅವಳಿಗಾಗಿ ಆಡಿಸು.

ಮೊನ್ನೆ ಅವಳು ಬಂದಿದ್ದಳು. ಈಗ ಅತ್ತೆ ಇಲ್ಲ, ಒಳಗೆ ಬಾರೆ ಅಂದೆ. "ಇರ್ಲಿ ಬುಡಕ್ಕ, ಇಲ್ಲೇ ಗಾಳಿ ಚೆನ್ನಾಗದೆ" ಅಂದಳು. ಗಾಳಿ ಎಲ್ಲಿಂದ ಬರಬೇಕು, ಜಗಲಿ ತುಂಬ ರಣಬಿಸಿಲು. ಅವಳ ಆಧಾರ್ ಜೆರಾಕ್ಸ್, ಪಾಸ್‌ಬುಕ್ ತೆಗೆದಿಟ್ಟಿದ್ದೇನೆ. ಭಾನುವಾರ ಬಂದಾಗ ಅವಳನ್ನು ಇಲ್ಲಿಗೆ ಕರೆಸಬೇಡ, ನೀನೇ ಅವರ ಕೇರಿಗೆ ಹೋಗಿ, ಅವಳ ಮನೆಯಲ್ಲಿ ಕೂತು ತುಂಬು. ಊಟಕ್ಕೆ ಏಳು ಅಂದರೆ ಏಳು. ಉಪ್ಸಾರು ಇದ್ದರೆ ನನಗೂ ಒಂದು ಡಬ್ಬಿ ತಾ.

ನಿನ್ನ
ಅಮ್ಮ